ಮೊದಲ ಈಡು

ಜುಲೈ ತಿಂಗಳ ಒಂದು ಭಾನುವಾರ ಗೆಳೆಯ ನನಗೊಂದು ಫೋಟೋ ಕಳಿಸಿದ. ಬಿಳಿ ಕಾಗದ, ನಡುವೆ ಮೂರು ಗುಂಡಿನ ತೂತು. ಮೂರನ್ನೂ ಒಂದು ರೂಪಾಯಿ ನಾಣ್ಯ ಇಟ್ಟು ಮುಚ್ಚಬಹುದಿತ್ತು. ಕೆಳಗೆ ಬರೆದಿದ್ದ: 'ನೂರು ಗಜ. ನಾನು ಬರ್ತಾ ಇದ್ದೀನಿ ಅಂತ ಎಲ್ಕ್‌ಗೆ ಹೇಳಿಬಿಡು.' ಅದೇ ಫೋಟೋ ವಿರಾಜಪೇಟೆಯ ಅವನ ದಾಯಾದಿಗಳ ವಾಟ್ಸಾಪ್ ಗುಂಪಿಗೂ ಹೋಗಿತ್ತು. ಅಲ್ಲಿಂದ ಚಪ್ಪಾಳೆಗಳ ಮಳೆ.

ಗೆಳೆಯ ಅಮೆರಿಕದಲ್ಲಿ ತನ್ನ ಮೊದಲ ಶಿಕಾರಿಗೆ, ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಶಿಕಾರಿಗೆ, ತಯಾರಾಗುತ್ತಿದ್ದ; ಆ ಫೋಟೋದಿಂದ ಅಕ್ಟೋಬರ್ ಕೊನೆಯ ಒಂದು ಸಂಜೆಯವರೆಗೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಒಟ್ಟು 14 ವಾರ. ಬರೆಯಲು ಗೆಳೆಯ ಒಪ್ಪಿದ, ಹೆಸರು ಮಾತ್ರ ಬೇಡ ಅಂದ. ಪ್ರತಿ ಸಲ ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋದಾಗಲೂ ನಾನು ಲೆಕ್ಕ ಬರೆದಿಟ್ಟಿದ್ದೆ. ಹಾಗಾಗಿ ಇಲ್ಲಿನ ಅಂಕಿಗಳು ನೆನಪಿನಿಂದ ಬಂದವಲ್ಲ, ನೋಟ್‌ಬುಕ್ಕಿನವು.

ಯಾರು, ಎಲ್ಲಿ

ಗೆಳೆಯ ಕೊಡವ. ವಯಸ್ಸು 41. ಡೆನ್ವರ್ ಪಕ್ಕದ ಊರಲ್ಲಿ ಸಾಫ್ಟ್‌ವೇರ್ ಕೆಲಸ, ಗ್ರೀನ್ ಕಾರ್ಡ್ ಬಂದು ನಾಲ್ಕು ವರ್ಷ. ನಾನು ಮೂಡಿಗೆರೆ ಕಡೆಯವನು. ಪಕ್ಕದ ಮನೆಯ ಒಬ್ಬ ಅಮೆರಿಕನ್ ಅಜ್ಜನ ಹಿಂದೆ ಒಂಬತ್ತು ವರ್ಷದಿಂದ ಕೊಲರಾಡೋ ಬೆಟ್ಟಗಳನ್ನು ಸುತ್ತುತ್ತಿದ್ದೇನೆ. ನಾವಿಬ್ಬರೂ ಆತನನ್ನು ಅಜ್ಜ ಅಂತಲೇ ಕರೆಯುತ್ತೇವೆ. ಆತನಿಗೂ ಅದರ ಅರ್ಥ ಗೊತ್ತು, ಬೇಜಾರಿಲ್ಲ.

ಕೊಡಗಿನ ಮನೆಯಲ್ಲಿ ಕೋವಿಗೆ ಯಾವ ಜಾಗ ಅಂತ ಬಯಲುಸೀಮೆಯವರಿಗೆ ಒಂದೆರಡು ಮಾತು ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದು ಸರಿ ಅಂದಿತು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೋವಿ ತೊಳೆದು, ಹೂವಿಟ್ಟು ಪೂಜೆ ಮಾಡುತ್ತಾರೆ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗಾಳಿಗೊಂದು ಈಡು, ಅಂದರೆ ಒಂದು ಗುಂಡು. ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿ ಒಡೆಯುವ ಸ್ಪರ್ಧೆ. ಗೆಳೆಯ ಅದರಲ್ಲಿ ಮೂರು ಸಲ ಗೆದ್ದವನು.

ಆದರೆ ಶಿಕಾರಿ ಅವನಿಗೆ ಗೊತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಾಗ ಅವನು ಹುಟ್ಟೇ ಇರಲಿಲ್ಲ. ಮರಸಿಗೆ (ಅಡಗಿ ಕಾಯಲು) ಕೂತದ್ದು, ಸೋವಿಗೆ (ಪ್ರಾಣಿ ಎಬ್ಬಿಸಿ ಓಡಿಸಲು) ಹೋದದ್ದು, ಹಸಿಗೆ ಮಾಡಿ (ಪ್ರಾಣಿ ಕೊಯ್ದು) ಪಾಲು ಹಂಚಿದ್ದು ಎಲ್ಲ ಅವನ ತಾತನ ಬಾಯಲ್ಲಿ ಕೇಳಿದ್ದಷ್ಟೇ. ನಮ್ಮ ಊರಿನ ಕಾಡಿನಲ್ಲಿ ಇದನ್ನೆಲ್ಲ ಮಾಡಿ ನೋಡೋಣ ಅಂತ ಯಾರಾದರೂ ಈ ಬರಹ ಓದುತ್ತಿದ್ದರೆ ದಯವಿಟ್ಟು ಇಲ್ಲೇ ನಿಲ್ಲಿಸಿ. ಅಲ್ಲಿ ಅದು ಅಪರಾಧ, ಆಗಬೇಕಾದ್ದೇ.

ಕೊಲರಾಡೋದಲ್ಲಿ ಲೆಕ್ಕ ಬೇರೆ. ಅಮೆರಿಕದ ಯಾವ ರಾಜ್ಯದಲ್ಲೂ ಇಲ್ಲದಷ್ಟು ಎಲ್ಕ್ ಇಲ್ಲಿವೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಗಂಡು 300 ಕಿಲೋ ದಾಟುತ್ತದೆ, ಹೆಣ್ಣು 220ರ ಆಸುಪಾಸು. ಯಾವ ಪ್ರದೇಶದಲ್ಲಿ ಎಷ್ಟು ತೆಗೆಯಬಹುದು ಅಂತ ರಾಜ್ಯದ ವನ್ಯಜೀವಿ ಇಲಾಖೆ ವರ್ಷವರ್ಷ ಲೆಕ್ಕ ಹಾಕುತ್ತದೆ. ಏಪ್ರಿಲ್‌ನಲ್ಲಿ ಅರ್ಜಿ, ಆಮೇಲೆ ಲಾಟರಿ. ಗೆಳೆಯನಿಗೆ ಬಂದದ್ದು ಹೆಣ್ಣು ಎಲ್ಕ್‌ನ ಲೈಸೆನ್ಸ್. 'ಹೆಣ್ಣನ್ನಾ?' ಅಂತ ಅವನ ಅಮ್ಮ ಫೋನಿನಲ್ಲಿ ಮುಖ ಸಿಂಡರಿಸಿದರಂತೆ. ಹಿಂಡು ಎಷ್ಟು ಬೆಳೆಯಬೇಕು ಅನ್ನುವುದು ಹೆಣ್ಣುಗಳ ಸಂಖ್ಯೆಯ ಮೇಲೇ ನಿಂತಿದೆ, ಅದಕ್ಕೇ ಇಲಾಖೆ ಹೆಣ್ಣಿಗೂ ಲೈಸೆನ್ಸ್ ಕೊಡುತ್ತದೆ ಅಂತ ಇವನು ಹೇಳಿದ. ಅವರಿಗೆ ಒಪ್ಪಿಗೆ ಆದ ಹಾಗಿಲ್ಲ.

ಇನ್ನೊಂದು ಮಾತು, ಎಚ್-1ಬಿಯಲ್ಲಿ ಇರುವ ಗೆಳೆಯರಿಗೆ. ಇಲ್ಲಿನ ಫೆಡರಲ್ ಕಾನೂನಿನಲ್ಲಿ ನಿಮ್ಮಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗೇ ಇಲ್ಲ. ಯಾವುದಾದರೂ ರಾಜ್ಯದ ಚಾಲ್ತಿ ಶಿಕಾರಿ ಲೈಸೆನ್ಸ್ ಕೈಯಲ್ಲಿ ಇದ್ದರೆ ವಿನಾಯಿತಿ ಸಿಗುತ್ತದೆ. ಸ್ನೇಹಿತ ಕರೆದ ಅಂತ ಸುಮ್ನೆ ರೇಂಜಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ಮೊದಲು ವಕೀಲರನ್ನು ಕೇಳಿ.

ಒಂದು ರೂಪಾಯಿ ನಾಣ್ಯದ ಗುಟ್ಟು

ಗೆಳೆಯ ಕೊಂಡಿದ್ದು 300 ವಿಂಚೆಸ್ಟರ್ ಮ್ಯಾಗ್ನಂ ಅನ್ನುವ ಭಾರಿ ತೋಟೆಯ ರೈಫಲ್. ದೊಡ್ಡ ಪ್ರಾಣಿಗೆ ದೊಡ್ಡ ಕೋವಿ ಅನ್ನುವುದು ಅವನ ಲೆಕ್ಕ. ಅಂಗಡಿಯವನೂ ಹೌದು ಅಂತ ತಲೆ ಆಡಿಸಿದನಂತೆ. ನಿಜಕ್ಕೂ ಎಲ್ಕ್‌ಗೆ ಅಷ್ಟು ಬೇಕಾಗಿಲ್ಲ. ಕೊಲರಾಡೋ ಕಾನೂನು ಕೇಳುವುದು ಕನಿಷ್ಠ 6 ಮಿಲಿಮೀಟರ್ ಅಗಲದ, 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಕದ, ಒಳಗೆ ಹೋಗಿ ಅರಳುವ ಗುಂಡು. 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. ಇದು ತೀರಾ ಕೆಳಗಿನ ಮಿತಿ, ನಿಜ. ಆದರೂ ಕನಿಷ್ಠಕ್ಕೂ ಮ್ಯಾಗ್ನಂಗೂ ನಡುವೆ ಬೇಕಾದಷ್ಟು ಜಾಗ ಇದೆ.

ಮುಂದಿನ ಶನಿವಾರ ನಾವು ಮೂವರೂ ರೇಂಜಿಗೆ ಹೋದೆವು. ಆ ನಾಣ್ಯದಗಲದ ಗುರಿ ಎಲ್ಲಿಂದ ಬಂತು ಅಂತ ನೋಡಿದ ಕೂಡಲೇ ಗೊತ್ತಾಯಿತು. ಸಿಮೆಂಟು ಮೇಜು, ಅದರ ಮೇಲೆ ಕಬ್ಬಿಣದ ಸ್ಟ್ಯಾಂಡ್. ರೈಫಲ್ ಅದರೊಳಗೆ ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ಕೂರುತ್ತದೆ. ಸ್ಟ್ಯಾಂಡಿನ ತಳಕ್ಕೆ ಹತ್ತು ಕಿಲೋ ಭಾರ. ಒದೆತ ಎಲ್ಲ ಅದೇ ನುಂಗುತ್ತದೆ, ಭುಜಕ್ಕೆ ಏನೂ ತಾಗುವುದಿಲ್ಲ. ಸ್ಕೋಪ್ (ರೈಫಲ್ ಮೇಲಿನ ದುರ್ಬೀನು) ಸರಿ ಮಾಡಿಕೊಳ್ಳಲು ಒಳ್ಳೆ ಸಾಧನವೇ. ಆದರೆ ಅಲ್ಲಿ ಗುರಿ ಹಿಡಿಯುವುದು ಮನುಷ್ಯ ಅಲ್ಲ, ಸ್ಟ್ಯಾಂಡು.

ಅಜ್ಜ ಏನೂ ಹೇಳಲಿಲ್ಲ. ಜೇಬಿನಿಂದ ಒಂದು ಪೇಪರ್ ತಟ್ಟೆ ತೆಗೆದ. ಒಂಬತ್ತು ಇಂಚು ಅಗಲದ್ದು, ಬರ್ತ್‌ಡೇ ಕೇಕ್ ಕೊಡುತ್ತಾರಲ್ಲ, ಅಂಥದು. 100 ಗಜದಲ್ಲಿ ಅದನ್ನು ಅಂಟಿಸಿ ಬಂದು, ಸ್ಟ್ಯಾಂಡ್ ಪಕ್ಕಕ್ಕೆ ಇಡು, ನಿಂತು ಐದು, ಕೂತು ಐದು ಹೊಡಿ ಅಂದ. ಎಲ್ಕ್‌ನ ಎದೆಗೂಡಿನಲ್ಲಿ ಶ್ವಾಸಕೋಶ ಮತ್ತು ಹೃದಯ ಇರುವ ಜಾಗ ಈ ತಟ್ಟೆಗಿಂತ ದೊಡ್ಡದು. ಆದರೂ ಅಭ್ಯಾಸಕ್ಕೆ ಆತ ತಟ್ಟೆಯನ್ನೇ ಹಿಡಿಯುತ್ತಾನೆ. ಬೆಟ್ಟದಲ್ಲಿ ತಪ್ಪುವ ಇಂಚುಗಳಿಗೆ ಮೊದಲೇ ಜಾಗ ಬಿಟ್ಟಿರಬೇಕು ಅನ್ನುವುದು ಆತನ ಲೆಕ್ಕ.

ನಿಂತು ಹೊಡೆದ ಐದರಲ್ಲಿ ಒಂದು ತಟ್ಟೆಗೆ ಬಿತ್ತು. ಕೂತು ಹೊಡೆದ ಐದರಲ್ಲಿ ಎರಡು. ಒಂದಂತೂ ತಟ್ಟೆ ಅಂಟಿಸಿದ್ದ ರಟ್ಟಿಗೂ ತಾಗಲಿಲ್ಲ. ಗೆಳೆಯನ ಮುಖ ನೋಡಬೇಕಿತ್ತು. 'ಸ್ಕೋಪ್ ಅಲುಗಾಡಿದೆ ಮಾರಾಯ' ಅಂದ. ಸ್ಕೋಪಿನ ಸ್ಕ್ರೂ ಎಲ್ಲ ಗಟ್ಟಿಯಾಗೇ ಇದ್ದವು.

ಆಮೇಲೆ ಅಜ್ಜ ಒಂದು ಆಟ ಆಡಿಸಿದ. ಎಲ್ಲ ಹೊಸಬರಿಗೂ ಇದನ್ನು ಆಡಿಸಬೇಕು ಅಂತ ನನ್ನ ಅಭಿಪ್ರಾಯ. ಗೆಳೆಯ ಆಚೆ ಮುಖ ಮಾಡಿರುವಾಗ ತೋಟೆ ತುಂಬುವವರು ನಾವು. ಕೆಲವು ಸಲ ನಿಜವಾದ ತೋಟೆ, ಕೆಲವು ಸಲ ಮದ್ದಿಲ್ಲದ ಡಮ್ಮಿ. ಒಳಗೆ ಯಾವುದಿದೆ ಅಂತ ಅವನಿಗೆ ಗೊತ್ತಿರುವುದಿಲ್ಲ. ಮೂರನೆಯದು ಡಮ್ಮಿ. ಟ್ರಿಗರ್ ಎಳೆದ. ಟಿಕ್ ಅಂತಷ್ಟೇ ಸದ್ದು. ಆದರೆ ನಳಿಗೆ ನಾಲ್ಕು ಬೆರಳು ಕೆಳಗೆ ಬಗ್ಗಿತು, ಭುಜ ಮುಂದೆ ನುಗ್ಗಿತು, ಎರಡೂ ಕಣ್ಣು ಮುಚ್ಚಿಕೊಂಡಿದ್ದವು. ಗುಂಡೇ ಇಲ್ಲ, ಒದೆತವೇ ಇಲ್ಲ. ಆದರೂ ಮೈ ಹೊಡೆತಕ್ಕೆ ಮೊದಲೇ ಹೆದರಿ ಸಿದ್ಧವಾಗಿತ್ತು.

ನಾನು ಅದನ್ನು ಮೊಬೈಲಿನಲ್ಲಿ ಹಿಡಿದಿದ್ದೆ. ನಿಧಾನಗತಿಯಲ್ಲಿ ತೋರಿಸಿದಾಗ ಗೆಳೆಯ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಇದಕ್ಕೆ ಅವನನ್ನು ಹೇಡಿ ಅನ್ನಬಾರದು. ಕಣ್ಣಿನ ಹತ್ತಿರ ಚಪ್ಪಾಳೆ ತಟ್ಟಿದರೆ ರೆಪ್ಪೆ ಮುಚ್ಚುತ್ತದಲ್ಲ, ಅಷ್ಟೇ. ರೈಫಲಿನ ಸದ್ದು 160 ಡೆಸಿಬೆಲ್‌ನ ಸುತ್ತಮುತ್ತ. 140 ದಾಟಿದರೆ ಒಂದೇ ಸದ್ದಿಗೂ ಕಿವಿ ಹಾಳಾಗಬಹುದು. ಜೊತೆಗೆ ಭುಜಕ್ಕೆ ಗುದ್ದು. ಮೈ ಎರಡೇ ಸಲದಲ್ಲಿ ಪಾಠ ಕಲಿತುಬಿಡುತ್ತದೆ, ಬೇಡದ ಪಾಠ. ತೆಂಗಿನಕಾಯಿ ಸ್ಪರ್ಧೆಯಲ್ಲಿ ಅವನು ಗೆದ್ದದ್ದು ಪಾಯಿಂಟ್ 22 ಅನ್ನುವ ಸಣ್ಣ ತೋಟೆಯ ಕೋವಿಯಲ್ಲಿ. ಅದು ಒದೆಯುವುದೇ ಇಲ್ಲ, ಬಟಾಣಿ ಹುರಿದ ಹಾಗೆ ಸದ್ದು. ಅಲ್ಲಿ ಅವನ ಕೈ ಎಷ್ಟು ಚೆನ್ನಾಗಿತ್ತೋ, ಈ ಮ್ಯಾಗ್ನಂ ಹಿಂದೆ ಅಷ್ಟೇ ಕೆಟ್ಟಿತು.

ತೆಂಗಿನಕಾಯಿಯಿಂದ ಬಂದ ಇನ್ನೊಂದು ಅಭ್ಯಾಸವೂ ಇತ್ತು. ಅವಸರ. ಸ್ಪರ್ಧೆಯಲ್ಲಿ ಹಿಂದೆ ಜನ ಕೂಗುತ್ತಿರುತ್ತಾರೆ, ಸಾಲಿನಲ್ಲಿ ಇನ್ನೂ ಐವತ್ತು ಮಂದಿ. ಕೋವಿ ಏರಿಸಿದ, ಕಾಯಿ ಕಂಡಿತು, ಹೊಡೆದ. ತಪ್ಪಿದರೆ ಕಾಯಿಗೆ ನೋವಾಗುವುದಿಲ್ಲ, ಅಲ್ವಾ.

ಕೋವಿ ಬದಲಾಯಿತು

ಮಾರನೆಯ ವಾರ ಮ್ಯಾಗ್ನಂ ಅಂಗಡಿಗೆ ವಾಪಸ್ ಹೋಯಿತು. ಬದಲಿಗೆ 308 ವಿಂಚೆಸ್ಟರ್ ಬಂತು. ಮತ್ತೆ ಹಿನ್ನೆಲೆ ತಪಾಸಣೆ, ಮತ್ತೆ ಮೂರು ದಿನ ಕಾಯುವುದು, ಕೈಯಿಂದ ಒಂದಷ್ಟು ಡಾಲರ್ ನಷ್ಟ. ಇಲ್ಲಿ ರೈಫಲ್‌ಗೂ ತೋಟೆಗೂ ಬೆಲೆಯಲ್ಲೇ 11 ಶೇಕಡ ತೆರಿಗೆ ಸೇರಿರುತ್ತದೆ, 1937ರ ಒಂದು ಕಾನೂನಿನ ಪ್ರಕಾರ ಅದು ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. 'ಹಂಗಾದ್ರೆ ನಾನು ಎರಡು ಸಲ ಕಾಡು ಉಳಿಸಿದೆ' ಅಂತ ಗೆಳೆಯ ಸಮಾಧಾನ ಮಾಡಿಕೊಂಡ.

ಒಂದೇ ತೂಕದ ರೈಫಲ್‌ಗಳಲ್ಲಿ ಮ್ಯಾಗ್ನಂನ ಒದೆತ 308ಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು. 165 ಗ್ರೇನ್ ಗುಂಡಿನ 308, ನಾವು ಹೊಡೆಯುವ ದೂರದಲ್ಲಿ ಎಲ್ಕ್‌ಗೆ ಧಾರಾಳ ಸಾಕು. ಸರಿಯಾದ ಜಾಗಕ್ಕೆ ಬಿದ್ದ ಸಣ್ಣ ಗುಂಡಿನ ಮುಂದೆ ಹೊಟ್ಟೆಗೆ ಬಿದ್ದ ದೊಡ್ಡ ಗುಂಡು ಏನೂ ಅಲ್ಲ. ಹೊಟ್ಟೆಗೆ ಬಿದ್ದರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಬಹಳ ಸಲ ಸಿಗುವುದೂ ಇಲ್ಲ.

ಅಮಾವಾಸ್ಯೆಯ ಚುಕ್ಕೆ

ಇನ್ನು ಉಳಿದದ್ದು 12 ವಾರ. ವಾರಕ್ಕೆ ಒಂದು ಸಲ ರೇಂಜ್, ಒಂದು ಸಲಕ್ಕೆ 20 ತೋಟೆ. ಅದಕ್ಕಿಂತ ಜಾಸ್ತಿ ಹೊಡೆದರೆ ಭುಜ ದಣಿದು ಹಳೇ ಬೆಚ್ಚು, ಅಂದರೆ ಹೊಡೆತಕ್ಕೆ ಮೊದಲೇ ಮೈ ಬೆದರುವುದು, ಮತ್ತೆ ತಲೆ ಎತ್ತುತ್ತದೆ. ಇನ್ನೂ ಆಸೆ ಇದ್ದರೆ ಪಾಯಿಂಟ್ 22ರಲ್ಲಿ ಬೇಕಾದಷ್ಟು ಹೊಡೆಯಬಹುದು. ಮೊದಲ ನಾಲ್ಕು ವಾರ ಪ್ರತಿ ಸಲವೂ ಡಮ್ಮಿ ಆಟ. ಎರಡು ಪದರ ಕಿವಿ ರಕ್ಷಣೆ ಕೊಟ್ಟೆವು, ಕಿವಿಯೊಳಗೆ ಬೆಣೆ, ಮೇಲೆ ಮುಚ್ಚಳ. ಸದ್ದು ಕಡಿಮೆ ಆದದ್ದೇ ಅರ್ಧ ಬೆಚ್ಚು ಇಳಿಯಿತು.

ನಿಜವಾದ ಕೆಲಸ ನಡೆದದ್ದು ಮನೆಯಲ್ಲಿ. ದಿನಾ ಸಂಜೆ 15 ನಿಮಿಷ ಖಾಲಿ ರೈಫಲ್ ಅಭ್ಯಾಸ. ತೋಟೆಗಳು ಮೇಲಿನ ಮಹಡಿಯಲ್ಲಿ, ಬೀಗದೊಳಗೆ. ರೈಫಲ್ ನೆಲಮಾಳಿಗೆಯಲ್ಲಿ. ಬೋಲ್ಟ್ (ತೋಟೆ ಕೂರುವ ಜಾಗವನ್ನು ಮುಚ್ಚುವ ಅಗುಳಿ) ತೆಗೆದು ಕಣ್ಣಿನಿಂದ ನೋಡಬೇಕು, ಬೆರಳು ಹಾಕಿ ನೋಡಬೇಕು, ಮತ್ತೆ ಕಣ್ಣಿನಿಂದ ನೋಡಬೇಕು. ಗುರಿ ಹಿಡಿಯುವ ಗೋಡೆಯ ಹಿಂದೆ ಬರೀ ಮಣ್ಣು. ಆ ಗೋಡೆಗೆ ಊರಿಂದ ತಂದ ಕ್ಯಾಲೆಂಡರ್ ತೂಗಿತ್ತು. ಅದರಲ್ಲಿ ಅಮಾವಾಸ್ಯೆಗೆ ಒಂದು ಕಪ್ಪು ಚುಕ್ಕೆ ಇರುತ್ತದಲ್ಲ, ಅದೇ ಅವನ ಗುರಿ. ಸ್ಕೋಪಿನ ಗೆರೆಗಳು ಆ ಚುಕ್ಕೆಯ ಮೇಲೆ ನಿಲ್ಲಬೇಕು. ಟ್ರಿಗರ್ ನಿಧಾನಕ್ಕೆ ಹಿಂಡುತ್ತಾ ಹೋಗಬೇಕು. ಟಿಕ್ ಅಂದಾಗ ಗೆರೆ ಕದಲಿರಬಾರದು. ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಎಳೆಯುವುದು ಎರಡನೇ ಹಂತ. ಆಗಸ್ಟ್ ಮುಗಿಯುವ ಹೊತ್ತಿಗೆ ನಾಣ್ಯ ಬೀಳುವುದು ನಿಂತಿತು. ಅವನ ಹೆಂಡತಿಯ ಪ್ರಕಾರ ಅಷ್ಟು ದಿನವೂ ಮನೆಯಲ್ಲಿ ದಿನಾ ಅಮಾವಾಸ್ಯೆ.

ರೇಂಜಿನಲ್ಲಿ ಮೇಜು ಮುಟ್ಟಿದ್ದು ಎರಡೇ ಸಲ, ಅದೂ ಸ್ಕೋಪ್ ಸರಿ ಮಾಡಲು. 200 ಗಜಕ್ಕೆ ನೇರ ಬೀಳುವ ಹಾಗೆ ಕೂರಿಸಿದೆವು. ಅಲ್ಲೊಂದು ಎಡವಟ್ಟು ಆಯಿತು. ಸ್ಕೋಪಿನ ಒಂದು ಕ್ಲಿಕ್ 100 ಗಜದಲ್ಲಿ ಗುಂಡನ್ನು ಕಾಲು ಇಂಚು ಸರಿಸುತ್ತದೆ. 200ರಲ್ಲಿ ಅದೇ ಕ್ಲಿಕ್ ಅರ್ಧ ಇಂಚು. ಗುಂಡು ನಾಲ್ಕು ಇಂಚು ಕೆಳಗೆ ಬಿದ್ದಿತ್ತು, 8 ಕ್ಲಿಕ್ ಸಾಕಿತ್ತು, ಇವನು 16 ತಿರುಗಿಸಿದ. ಈಗ ನಾಲ್ಕು ಇಂಚು ಮೇಲೆ! ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ 92 ಅಂಕ ತೆಗೆದವನು ಅಂತ ನಾನು ಇವತ್ತಿಗೂ ಚುಡಾಯಿಸುತ್ತೇನೆ.

200ಕ್ಕೆ ಕೂರಿಸಿದ ಮೇಲೆ 100 ಗಜದಲ್ಲಿ ಗುಂಡು ಎರಡು ಇಂಚು ಮೇಲೆ ಬೀಳುತ್ತಿತ್ತು, 300ರಲ್ಲಿ ಎಂಟೊಂಬತ್ತು ಇಂಚು ಕೆಳಗೆ. 400ಕ್ಕೆ ಹೋದರೆ ಎರಡು ಅಡಿ ಕೆಳಗೆ. ಇದೆಲ್ಲ ಮೊಬೈಲ್ ಆ್ಯಪ್‌ನಲ್ಲಿ ಸಿಗುತ್ತದೆ. ಆದರೆ 300ರ ಅಂಕಿಯನ್ನು ಕಾಗದದ ಮೇಲೆ ಹೊಡೆದು ನೋಡುವವರೆಗೆ ಅಜ್ಜ ನಂಬಲು ಬಿಡಲಿಲ್ಲ.

ಆಮೇಲೆಲ್ಲ ಕೂತು, ಮಂಡಿಯೂರಿ, ಮಲಗಿ. ಆಸರೆಗೆ ಊರುಗೋಲಿನ ಹಾಗಿರುವ ಎರಡು ಕಾಲಿನ ಕೋಲು, ಬೆನ್ನಿನ ಚೀಲ, ಮರದ ಬೊಡ್ಡೆ. ಎಲ್ಕ್ ಕಂಡ ಜಾಗದಲ್ಲಿ ಸಿಮೆಂಟು ಮೇಜು ಯಾರೂ ಹಾಕಿಟ್ಟಿರುವುದಿಲ್ಲ.

ಒಂದೇ ಒಂದು ಕಾಗದ

ಇಡೀ ಅಭ್ಯಾಸದಲ್ಲಿ ನನಗೆ ಅತಿ ಬೆಲೆಬಾಳುವುದು ಅನ್ನಿಸಿದ್ದು ಅಜ್ಜನ ಒಂದು ಸಣ್ಣ ನಿಯಮ. ಪ್ರತಿ ವಾರ ರೇಂಜಿನಲ್ಲಿ ಕಾರಿನಿಂದ ಇಳಿದವನೇ ಗೆಳೆಯ ರೈಫಲ್ ಹಿಡಿದು ಕೂರಬೇಕು. ತಣ್ಣಗಿನ ನಳಿಗೆ, ಬಿಸಿಯಾಗದ ಮೈ. 200 ಗಜ, ಕೋಲಿನ ಆಸರೆ. ಒಂದೇ ಈಡು. ಆ ಈಡಿನ ಜಾಗವನ್ನು ಬೇರೆ ಒಂದು ಕಾಗದದ ಮೇಲೆ ಗುರುತಿಸಬೇಕು. ಅದರಲ್ಲಿ ಒಂಬತ್ತು ಇಂಚಿನ ಒಂದು ವೃತ್ತ, ಪ್ರತಿ ವಾರಕ್ಕೊಂದು ಚುಕ್ಕೆ, ಪಕ್ಕದಲ್ಲಿ ತಾರೀಖು. ಆಮೇಲಿನ 19 ತೋಟೆ ಹೇಗಾದರೂ ಹೋಗಲಿ, ಆ ಕಾಗದಕ್ಕೆ ಬರುವುದಿಲ್ಲ.

ರೇಂಜಿನಲ್ಲಿ ಎರಡನೇ ಈಡು ಮೊದಲನೆಯದನ್ನು ನೋಡಿ ತಿದ್ದಿಕೊಳ್ಳುತ್ತದೆ, ಮೂರನೆಯದು ಎರಡನೆಯದನ್ನು. ಹತ್ತನೆಯ ಹೊತ್ತಿಗೆ ಎಲ್ಲರೂ ಶೂರರೇ. ಬೆಟ್ಟದಲ್ಲಿ ಎಲ್ಕ್ ನಮಗೆ ಹತ್ತು ಅವಕಾಶ ಕೊಡುವುದಿಲ್ಲ. ಹಾಗಾಗಿ ಬೆಟ್ಟದಲ್ಲಿ ಏನಾದೀತು ಅಂತ ನಿಜವಾಗಿ ಹೇಳುವುದು ಆ ಮೊದಲ ಈಡು ಮಾತ್ರ. ಗೆಳೆಯ ಜುಲೈಯಲ್ಲಿ ಕಳಿಸಿದ ಫೋಟೋ ಸುಳ್ಳಾಗಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಅದು ಉತ್ತರ ಕೊಟ್ಟಿತ್ತು.

ಮೊದಲ ಐದು ವಾರದಲ್ಲಿ ಎರಡು ಚುಕ್ಕೆ ಒಳಗೆ, ಮೂರು ಹೊರಗೆ. ಆಮೇಲಿನ ಏಳರಲ್ಲಿ ಆರು ಒಳಗೆ. ಹೊರಗೆ ಬಿದ್ದ ಒಂದು, ಆಫೀಸಿನಲ್ಲಿ ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟು ಬಂದ ದಿನದ್ದು. ಒಟ್ಟು 12ರಲ್ಲಿ 8.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸೇರಿಸಿದೆವು. ಓಡಿ ಬಂದು ಹೊಡೆಯುವುದು. ಖಾಲಿ ಕೈಯಲ್ಲಿ 200 ಮೀಟರ್ ಓಡಿ ಬರಬೇಕು, ಆಮೇಲೆ ರೈಫಲ್ ಎತ್ತಿಕೊಂಡು ಕೂತು ಹೊಡೆಯಬೇಕು. ಗಡಿಯಾರದಲ್ಲಿ ನಾಡಿ 150. ಬಂದ ಕೂಡಲೇ ಹೊಡೆದ ಆರರಲ್ಲಿ ಎರಡು ತಟ್ಟೆಗೆ ಬಿತ್ತು. ಕೂತು ಐದು ಉಸಿರು ಎಣಿಸಿ ಹೊಡೆದ ಆರರಲ್ಲಿ ಐದು. ಐದು ಉಸಿರು ಅಂದರೆ ಹದಿನೈದು ಇಪ್ಪತ್ತು ಸೆಕೆಂಡು. ಕೇಳಲು ಏನೂ ಅಲ್ಲ. ಆದರೆ ಎದುರಿಗೆ ಪ್ರಾಣಿ ನಿಂತಿದ್ದಾಗ ಅದು ಬಸ್ಸು ಕಾಯುವ ಮಧ್ಯಾಹ್ನದಷ್ಟು ಉದ್ದ. ತೆಂಗಿನಕಾಯಿಯ ಅವಸರಕ್ಕೆ ಮದ್ದು ಅಂತ ನಾವು ಕಂಡುಕೊಂಡದ್ದು ಇಷ್ಟೇ, ಐದು ಉಸಿರು. ಅವನು ಅದನ್ನು ರೈಫಲಿನ ಹಿಡಿಯ ಮೇಲೆ ಟೇಪ್ ಅಂಟಿಸಿ ಬರೆದುಕೊಂಡ. ಬರೀ '5'.

ಗಾಳಿಯ ಪಾಠಕ್ಕೆ ಒಂದು ದಿನ ಪೂರ್ವ ಬಯಲಿನ ಪಾನೀ ನ್ಯಾಷನಲ್ ಗ್ರಾಸ್‌ಲ್ಯಾಂಡ್‌ಗೆ ಹೋದೆವು. ಅಲ್ಲಿ ಹುಲ್ಲು ನಿಂತಿರುವುದಕ್ಕಿಂತ ಮಲಗಿರುವುದೇ ಜಾಸ್ತಿ. ಅಡ್ಡಗಾಳಿ ಗಂಟೆಗೆ 15 ಮೈಲಿ. 300 ಗಜದಲ್ಲಿ ಗುಂಡು ಹತ್ತು ಇಂಚಿನಷ್ಟು ಪಕ್ಕಕ್ಕೆ ಹೋಯಿತು. 200ರಲ್ಲಿ ಅದು ನಾಲ್ಕೈದು ಇಂಚು. ದೂರ ಒಂದೂವರೆ ಪಟ್ಟು ಆದರೆ ಗಾಳಿಯ ತಪ್ಪು ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಗೆಳೆಯ ಆ ದಿನ 300ರಲ್ಲಿ ಚೀಲದ ಮೇಲೆ ಮಲಗಿ ಹತ್ತು ಹೊಡೆದ. ಆರು ತಟ್ಟೆಗೆ, ನಾಲ್ಕು ಬಯಲಿಗೆ.

ವಾಪಸ್ ಬರುವಾಗ ಕಾರಿನಲ್ಲಿ ಅವನೇ ಹೇಳಿದ, 'ನನ್ನ ಮಿತಿ 200.' ನಾವು ಯಾರೂ ಕೇಳಿರಲಿಲ್ಲ. ಹತ್ತರಲ್ಲಿ ನಾಲ್ಕು ತಪ್ಪು ಅಂದರೆ ಹತ್ತು ಎಲ್ಕ್‌ನಲ್ಲಿ ನಾಲ್ಕು ಗಾಯಗೊಂಡು ಓಡಿದ ಹಾಗೆ ಅಂತ ಅವನೇ ಲೆಕ್ಕ ಹಾಕಿದ್ದ.

ನಾನು ಬಿಟ್ಟದ್ದು

ಈ ಪ್ರಕರಣದಲ್ಲಿ ದೊಡ್ಡ ತಪ್ಪು ನನ್ನದು. ಅಭ್ಯಾಸವೆಲ್ಲ ಟೀ-ಶರ್ಟ್ ಹಾಕಿಕೊಂಡು ನಡೆಯಿತು. ಆಗಸ್ಟ್ ಬಿಸಿಲು, ಸೆಪ್ಟೆಂಬರ್ ಬಿಸಿಲು. ಬೆಟ್ಟದಲ್ಲಿ ಅಕ್ಟೋಬರ್ ಕೊನೆಗೆ ಹಿಮ, ಮೈಮೇಲೆ ಉಣ್ಣೆಯ ಒಳಂಗಿ, ದಪ್ಪ ಜಾಕೆಟ್, ಅದರ ಮೇಲೆ ಕಿತ್ತಳೆ ಬಣ್ಣದ ಅಂಗಿ. ಕಾನೂನಿನ ಪ್ರಕಾರ ಹೊಳೆಯುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣ ಸೊಂಟದ ಮೇಲೆ 500 ಚದರ ಇಂಚು ಇರಲೇಬೇಕು, ಟೋಪಿಯೂ ಅಂಥದೇ. ಇಷ್ಟೆಲ್ಲ ಹಾಕಿಕೊಂಡು ರೈಫಲ್ ಭುಜಕ್ಕೆ ಇಟ್ಟರೆ ಹಿಡಿ ಒಂದು ಇಂಚು ಉದ್ದವಾದ ಹಾಗಾಗುತ್ತದೆ. ಕತ್ತು ಮುಂದೆ ಚಾಚಬೇಕು. ಕಣ್ಣು ಸ್ಕೋಪಿಗೆ ತೀರಾ ಹತ್ತಿರ ಹೋಗುತ್ತದೆ.

ಶಿಬಿರ ಹಾಕಿದ ದಿನ, ಕಾರಿನ ಕುಲುಕಾಟದಲ್ಲಿ ಸ್ಕೋಪ್ ಅಲುಗಿಲ್ಲವಲ್ಲ ಅಂತ ನೋಡಲು ದಿಬ್ಬದ ಕಡೆಗೆ ಮಲಗಿ ಒಂದು ಗುಂಡು ಹೊಡೆದ. ಗುರಿ ಸರಿಯಾಗೇ ಇತ್ತು. ಆದರೆ ಸ್ಕೋಪಿನ ಅಂಚು ಬಂದು ಹುಬ್ಬಿನ ಮೇಲೆ ಅರ್ಧಚಂದ್ರ ಕೆತ್ತಿತು. ರಕ್ತ ಮೂಗಿನವರೆಗೆ ಇಳಿಯಿತು. ಗಾಯ ಸಣ್ಣದೇ. ನನಗೆ ಹೆದರಿಕೆಯಾದದ್ದು ಗಾಯಕ್ಕಲ್ಲ, ಹಳೇ ಬೆಚ್ಚು ಮತ್ತೆ ಬಂದೀತು ಅಂತ. ಸಂಜೆ ಟೆಂಟಿನಲ್ಲಿ ಜಾಕೆಟ್ ಹಾಕಿಕೊಂಡೇ, ಖಾಲಿ ರೈಫಲ್‌ನಲ್ಲಿ ಐವತ್ತು ಸಲ ಎತ್ತಿ ಇಳಿಸಿದ. ಅಮಾವಾಸ್ಯೆಯ ಚುಕ್ಕೆ ಇರಲಿಲ್ಲ, ಅಡ್ಡಲಾಗಿ ಬಿದ್ದ ಮರದ ಗಂಟಿಗೆ ಗುರಿ ಹಿಡಿದ. ಈ ಅಭ್ಯಾಸ ಆಗಸ್ಟ್‌ನಲ್ಲೇ, ಬೆವರು ಸುರಿದರೂ ಸರಿ, ಜಾಕೆಟ್ ಹಾಕಿಸಿ ಮಾಡಿಸಬೇಕಿತ್ತು. ಕೈಗವಸು ಹಾಕಿ ಟ್ರಿಗರ್ ಹಿಡಿಯುವುದೂ ಹಾಗೇ.

ಬೆಟ್ಟ

ಜಾಗ ವಾಯವ್ಯ ಕೊಲರಾಡೋದ ವೈಟ್ ರಿವರ್ ಕಾಡು. ಸುಮಾರು 9,500 ಅಡಿ ಎತ್ತರ. ಕೊಡಗಿನ ತಡಿಯಂಡಮೋಳ್ ಬೆಟ್ಟದ ನೆತ್ತಿಗಿಂತ ಹತ್ತಿರ ಹತ್ತಿರ ಮುಕ್ಕಾಲು ಮೈಲಿ ಮೇಲೆ. ಹತ್ತು ಹೆಜ್ಜೆ ಹತ್ತಿದರೆ ಮಾತು ನಿಲ್ಲುತ್ತದೆ.

ಮೊದಲ ದಿನ ಬೆಳಿಗ್ಗೆಯೇ ಏಳು ಹೆಣ್ಣು ಎಲ್ಕ್ ಕಂಡವು, ಎದುರಿನ ಇಳಿಜಾರಿನಲ್ಲಿ, ಬಿಸಿಲಿಗೆ ಪಕ್ಕೆ ಕೊಟ್ಟು. ದೂರ ಅಳೆಯುವ ಯಂತ್ರ 340 ಅಂದಿತು. ಗೆಳೆಯ ಮಲಗಿದ, ಚೀಲ ಮುಂದಿಟ್ಟ, ಸ್ಕೋಪಿನಲ್ಲಿ ನೋಡಿದ. ಗಾಳಿ ಇರಲಿಲ್ಲ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಎರಡು ನಿಮಿಷ ಹಾಗೇ ಇದ್ದ. ಆಮೇಲೆ ಬೋಲ್ಟ್ ತೆಗೆದು ತೋಟೆ ಹೊರಗೆ ಹಾಕಿದ. 'ಹೊಡೀಬಹುದಿತ್ತು' ಅಂದ. 'ಹೌದು' ಅಂದೆ. ಅವು ನಿಧಾನಕ್ಕೆ ಮರಗಳ ಒಳಗೆ ಹೋದವು.

ಎರಡನೇ ದಿನ ಹಿಮ. ಮೂರನೇ ದಿನ ಬರೀ ಹೆಜ್ಜೆಗುರುತು. ಇದರ ಬಗ್ಗೆ ಬರೆಯಲು ಏನೂ ಇಲ್ಲ, ಕಾಲು ನೋವು ಬಿಟ್ಟರೆ.

ನಾಲ್ಕನೇ ದಿನ ಸಂಜೆ ಐದೂವರೆ. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯ ಮೇಲಿತ್ತು. ಇಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಹೊಡೆಯಬಹುದು, ಆದರೆ ಅಷ್ಟು ಕತ್ತಲಲ್ಲಿ ಅಜ್ಜ ಒಪ್ಪುವುದಿಲ್ಲ. ನಾವು ಒಂದು ಕಡಿದಾದ ದಿಣ್ಣೆ ಹತ್ತಿ ಮೇಲೆ ತಲುಪಿದೆವು. ಎದುರಿಗೆ, ಆಸ್ಪೆನ್ ಮರಗಳ ಅಂಚಿನಲ್ಲಿ, ಒಂದು ಹೆಣ್ಣು. 170 ಗಜ, ಸ್ವಲ್ಪ ಮೇಲೆ. ಏರಿನಲ್ಲೋ ಇಳಿಜಾರಿನಲ್ಲೋ ಹೊಡೆದರೆ ಗುಂಡು ತುಸು ಮೇಲೆ ಬೀಳುತ್ತದೆ, ಆದರೆ ಇಷ್ಟು ಹತ್ತಿರಕ್ಕೆ ಅದರ ಲೆಕ್ಕ ಬೇಕಿಲ್ಲ.

ಗೆಳೆಯ ಕೂತ, ಕೋಲು ಊರಿದ. ನಾನು ಹಿಂದೆ ಬೈನಾಕ್ಯುಲರ್ ಹಿಡಿದಿದ್ದೆ. ಹೆಣ್ಣು ನಮಗೆ ಹಿಂಭಾಗ ತೋರಿಸಿ ನಿಂತಿತ್ತು. ಕಾದ. ಅದು ತಿರುಗಿತು, ಪೂರ್ತಿ ಪಕ್ಕೆ ಕೊಟ್ಟಿತು. ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಪಾಲು ಮೇಲೆ, ಅದೇ ಜಾಗ. ಅವನ ಉಸಿರು ನನಗೆ ಕೇಳುತ್ತಿತ್ತು. ಒಂದು. ಎರಡು. ಮೂರು.

ಈಡು ಹೊಡೆಯಿತು.

ಎಲ್ಕ್ ಬೆನ್ನು ಬಗ್ಗಿಸಿ ಮರಗಳೊಳಗೆ ನುಗ್ಗಿತು. ಅವನು ಬೋಲ್ಟ್ ಎಳೆದು ಎರಡನೇ ತೋಟೆ ತುಂಬಿದ್ದ, ಅದೂ ಅಭ್ಯಾಸದ್ದೇ. ಆದರೆ ಹೊಡೆಯಲು ಏನೂ ಕಾಣಲಿಲ್ಲ. ಅರ್ಧ ಗಂಟೆ ಕೂತೆವು. ಬೇಗ ಎದ್ದು ಬೆನ್ನು ಹತ್ತಿದರೆ ಗಾಯದ ಪ್ರಾಣಿ ಇನ್ನೂ ದೂರ ಓಡುತ್ತದೆ. ಆ ಅರ್ಧ ಗಂಟೆ ಅವನು ಒಂದೇ ಮಾತು ಆಡಿದ್ದು: 'ನಾನು ಮೂರಕ್ಕೇ ಹೊಡೆದೆ, ಅಲ್ವಾ?'

ಹಿಮದ ಮೇಲೆ ರಕ್ತ ತಿಳಿಗೆಂಪಾಗಿ, ನೊರೆನೊರೆಯಾಗಿತ್ತು. ನೊರೆ ಅಂದರೆ ಶ್ವಾಸಕೋಶ. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. 90 ಗಜ ದೂರದಲ್ಲಿ ಬಿದ್ದಿತ್ತು, ಕಣ್ಣು ತೆರೆದೇ ಇತ್ತು, ಜೀವ ಹೋಗಿತ್ತು. ಗೆಳೆಯ ಶೂ ಬಿಚ್ಚಿ ಹಿಮದ ಮೇಲೆ ನಿಂತು ಕೈ ಮುಗಿದ. ನಾನು ಬೇರೆ ಕಡೆ ನೋಡಿದೆ.

ಹಸಿಗೆ ಮುಗಿಯುವಾಗ ರಾತ್ರಿ ಹನ್ನೊಂದು. ಹೆಣ್ಣು ಅನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಅದು ಕಾನೂನು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬಂದರೂ ಅಪರಾಧ. ಮಾರನೆಯ ದಿನ ಮೂರು ಸಲ ಹೊತ್ತು ಇಳಿಸಿದೆವು. ಮೂಳೆ ಬಿಟ್ಟು 70 ಕಿಲೋ ಹತ್ತಿರ. ಮೊದಲ ಸಾರು ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಗೆಳೆಯನೇ ಮಾಡಿದ. ಅಜ್ಜ ಮೂರು ಸಲ ಹಾಕಿಸಿಕೊಂಡ.

ಆದರೆ ಅದಕ್ಕಿಂತ ಮೊದಲು, ಆ ರಾತ್ರಿ ಬೆಟ್ಟದಲ್ಲೇ, ಗೆಳೆಯ ಇನ್ನೊಂದು ಕೆಲಸ ಮಾಡಿದ್ದ. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಟೇಪ್ ಹಿಡಿದು ತೊಗಲಿನ ತೂತನ್ನು ಅಳೆದ. ಗುರಿ ಇಟ್ಟ ಜಾಗದಿಂದ ಐದು ಇಂಚು ಹಿಂದೆ. ಮನೆಗೆ ಬಂದ ಮೇಲೆ ಆ ಒಂದೇ ಒಂದು ಕಾಗದವನ್ನು ಹೊರಗೆ ತೆಗೆದ. ವೃತ್ತದ ಅರ್ಧ ಅಗಲ ನಾಲ್ಕೂವರೆ ಇಂಚು. ಹದಿಮೂರನೇ ಚುಕ್ಕೆಯನ್ನು ಗೆರೆಯಿಂದ ಅರ್ಧ ಇಂಚು ಆಚೆ ಇಟ್ಟ. ಎಲ್ಕ್‌ನ ಎದೆ ಈ ವೃತ್ತಕ್ಕಿಂತ ದೊಡ್ಡದು, ಅದಕ್ಕೇ ಸಿಕ್ಕಿತು, ಇದನ್ನು ಒಳಗೇ ಹಾಕಬಹುದು ಅಂತ ನಾನು ಹೇಳಿ ನೋಡಿದೆ. ಅವನು ಕೇಳಲಿಲ್ಲ. ಪಕ್ಕದಲ್ಲಿ ತಾರೀಖು ಬರೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಹೊರಗೆ. ಮೂರು ಉಸಿರು' ಅಂತ ಬರೆದ.